ಶಾಲೆ ಹುಡುಕಿಕೊಂಡು ಹೊರಟ ಮಾಸ್ಟ್ರು

ಬೇರೆ ರಾಜ್ಯಕ್ಕೆ ಸಂಸಾರ ಸಾಗಿಸುವುದು ಅಂದರೆ ಜನ ರೈಲು, ಬುತ್ತಿ, ಗೊತ್ತಿಲ್ಲದ ಭಾಷೆ ಎಂದೆಲ್ಲ ಎಣಿಸುತ್ತಾರೆ. ನಾವು ಕಾಸರಗೋಡು ಜಿಲ್ಲೆಯ ನಮ್ಮ ಮನೆಯಲ್ಲಿ ಬೆಳಗಿನ ಚಹಾ ಕುಡಿದು ಹೊರಟವರು ಮಧ್ಯಾಹ್ನದ ಊಟಕ್ಕೆ ಪುತ್ತೂರಿನ ಹತ್ತಿರದ ಕುಂಬ್ರದಲ್ಲಿದ್ದೆವು. ಕೇರಳ ಎಲ್ಲಿ ಮುಗಿಯಿತು, ಕರ್ನಾಟಕ ಎಲ್ಲಿ ಸುರುವಾಯಿತು ಎಂದು ಗೊತ್ತಾಗುವುದು ರಸ್ತೆ ಬದಿಯ ಬೋರ್ಡುಗಳಿಂದ ಮಾತ್ರ. ಆಚೆಗೂ ಈಚೆಗೂ ಅದೇ ಕೆಂಪು ಮಣ್ಣು, ಅದೇ ತುಳು, ನಾವು ಮುಸ್ಲಿಮರು ಮನೆಯಲ್ಲಾಡುವ ಅದೇ ಬ್ಯಾರಿ ಮಾತು. ಹಾಗಾಗಿ ಊರು ಬಿಟ್ಟೆ ಎಂದು ನನಗೆ ಅನಿಸಿರಲೇ ಇಲ್ಲ. ಅನಿಸಿದ್ದು ಮರುದಿನ ಬೆಳಿಗ್ಗೆ. ಎಂದಿನ ಹೊತ್ತಿಗೆ ಎದ್ದು, ಮಿಂದು, ಇಸ್ತ್ರಿ ಮಾಡಿದ ಅಂಗಿ ಹಾಕಿ, ಚೀಲ ಹೆಗಲಿಗೇರಿಸಿ ಬಾಗಿಲಿಗೆ ಬಂದವನಿಗೆ ಹೋಗಲಿಕ್ಕೆ ಶಾಲೆ ಇರಲಿಲ್ಲ.

ನಾನು ವಿಶೇಷ ಶಿಕ್ಷಕ. ಬುದ್ಧಿಯ ಬೆಳವಣಿಗೆ ನಿಧಾನ ಇರುವ, ಮಾತು ಬಾರದ, ಕೂತಲ್ಲಿ ಕೂರಲಾಗದ ಮಕ್ಕಳಿಗೆ ಪಾಠ ಹೇಳುವವನು. ಪಾಠ ಅಂದರೆ ಮಗ್ಗಿ, ಕಾಗುಣಿತ ಅಲ್ಲ. ಲೋಟ ಹಿಡಿಯುವುದು, ಅಂಗಿಯ ಗುಂಡಿ ಹಾಕುವುದು, ಹೊಟ್ಟೆ ನೋವಾದರೆ ಹೊಟ್ಟೆ ಮುಟ್ಟಿ ತೋರಿಸುವುದು. ಕಾಸರಗೋಡಿನ ತೆಂಕು ಭಾಗದಲ್ಲಿ ಪಂಚಾಯತು ನಡೆಸುವ ಒಂದು ಶಾಲೆಯಲ್ಲಿ ವರ್ಷಗಟ್ಟಲೆ ಅದನ್ನೇ ಮಾಡಿದ್ದೆ. ನನ್ನ ಹೆಂಡತಿ ನರ್ಸ್. ಅವಳ ತವರು ಪುತ್ತೂರು ತಾಲೂಕಿನ ಕೆದಂಬಾಡಿ. ಕರ್ನಾಟಕದ ಸರ್ಕಾರಿ ಕೆಲಸಕ್ಕೆ ಅರ್ಜಿ ಹಾಕಿ ಹಾಕಿ, ಇನ್ನು ಸಾಕು ಎಂದು ಬಿಟ್ಟ ಮೇಲೆ ಅವಳಿಗೆ ಆದೇಶ ಬಂತು. ಅದೂ ಅವಳ ತವರಿನ ಹತ್ತಿರವೇ.

"ಹೆಂಡತಿಯ ಕೆಲಸದ ಹಿಂದೆ ಗಂಡ ಹೋಗುದಾ? ಎಲ್ಲಿಯಾದರೂ ಉಂಟಾ?" ಎಂದು ನನ್ನ ಉಮ್ಮ ಕೇಳಿದ್ದರು.

"ನನ್ನಂಥವರು ಎಲ್ಲ ಕಡೆಯೂ ಕಡಿಮೆ ಉಮ್ಮಾ. ಹೋದಲ್ಲಿ ಕೈಹಿಡಿದು ಕರೀತಾರೆ" ಎಂದಿದ್ದೆ. ಅದನ್ನು ನಾನು ನಂಬಿಯೇ ಹೇಳಿದ್ದು.

ಕುಂಬ್ರದ ಪೇಟೆಯಿಂದ ಸ್ವಲ್ಪ ಒಳಗೆ ಒಂದು ಮನೆಯ ಮಹಡಿ ಬಾಡಿಗೆಗೆ ಹಿಡಿದೆವು. ಹೆಂಡತಿ ಮೊದಲ ವಾರದಲ್ಲೇ ಊರಿನವಳಾದಳು. ತವರಿನ ಪಕ್ಕದ ಊರು, ಕೈಯಲ್ಲಿ ಕೆಲಸ. ಕೆಳಗಿನ ಮನೆಯವರು, ಹಾಲಿನವರು, ಮೀನಿನವರು ಎಲ್ಲ ಅವಳನ್ನು 'ಸಿಸ್ಟರ್' ಎಂದರು. ನಾನು 'ಸಿಸ್ಟರ್‌ನ ಯಜಮಾನ್ರು' ಆದೆ. ಅದರಿಂದ ನನಗೆ ಬೇಸರ ಆಗಲಿಲ್ಲ. ಬೇಸರ ಆದದ್ದು ಹೊತ್ತು ಹೋಗದ್ದಕ್ಕೆ. ಅವಳು ಹೋದ ಮೇಲೆ ಪಾತ್ರೆ ತೊಳೆದು, ಅನ್ನಕ್ಕಿಟ್ಟು, ಕಿಟಕಿಯ ಹತ್ತಿರ ನಿಂತರೆ ಶಾಲೆಯ ವ್ಯಾನುಗಳು ಹೋಗುವುದು ಕಾಣುತ್ತಿತ್ತು. ಕೈ ಸುಮ್ಮನಿರುತ್ತಿರಲಿಲ್ಲ. ಗೋಡೆಯ ಕ್ಯಾಲೆಂಡರನ್ನು ನೇರ ಮಾಡುತ್ತಿದ್ದೆ, ಪುನಃ ನೇರ ಮಾಡುತ್ತಿದ್ದೆ.

ಮೊದಲು ಹೋದದ್ದು ಪುತ್ತೂರಿನ ಶಿಕ್ಷಣ ಇಲಾಖೆಯ ಕಚೇರಿಗೆ. ಅಲ್ಲಿದ್ದ ಅಧಿಕಾರಿ ಒಳ್ಳೆಯವರು, ಕೂರಿಸಿ ಮಾತನಾಡಿದರು.

"ನಿಮ್ಮ ಕೋರ್ಸ್ ಸರಿ ಉಂಟು, ನೋಂದಣಿ ಸರಿ ಉಂಟು, ಅನುಭವವೂ ಉಂಟು. ಆದ್ರೆ ಎಲ್ಲ ಕೇರಳದ್ದು."

"ನಾನು ಹತ್ತನೆಯವರೆಗೆ ಕಲಿತದ್ದು ಕನ್ನಡ ಮೀಡಿಯಂ ಸರ್."

"ಅದು ನಿಮ್ಮ ಮಾತಿನಲ್ಲೇ ಗೊತ್ತಾಗ್ತದೆ ಮಾರಾಯ್ರೆ. ನನಗಿಂತ ಚಂದ ಕನ್ನಡ ಮಾತಾಡ್ತೀರಿ." ಅವರು ನಕ್ಕರು. "ಗಡಿನಾಡ ಕನ್ನಡಿಗ ಅಂತ ಒಂದು ಸರ್ಟಿಫಿಕೇಟ್ ಮಾಡಿಸಿ ಇಡಿ. ಈಗ ಜಾಗ ಖಾಲಿ ಇಲ್ಲ. ಗುತ್ತಿಗೆಯದ್ದು ಯಾವಾಗಲಾದ್ರೂ ಬರ್ತದೆ. ಬಂದಾಗ ಹೇಳುವ."

'ಹೇಳುವ' ಎಂಬುದು ನಮ್ಮ ಕಡೆಯ ಮಾತು. ಹೇಳುತ್ತೇವೆ ಎಂದೂ ಆಗುತ್ತದೆ, ನೋಡೋಣ ಎಂದೂ ಆಗುತ್ತದೆ. ಬಸ್ ಸ್ಟ್ಯಾಂಡಿಗೆ ನಡೆಯುತ್ತಾ ಅದರ ಅರ್ಥ ಯಾವುದು ಎಂದು ಯೋಚಿಸಿದೆ. ಮನೆಗೆ ಹೋಗುವ ಮನಸ್ಸಾಗಲಿಲ್ಲ. ಸುಳ್ಯದ ಬಸ್ಸು ನಿಂತಿತ್ತು, ಹತ್ತಿದೆ. ಕುಂಬ್ರ ಬಂದಾಗ ಇಳಿಯಲಿಲ್ಲ. ಸುಳ್ಯದವರೆಗೆ ಹೋಗಿ, ಒಂದು ಚಹಾ ಕುಡಿದು, ವಾಪಸು ಬಂದೆ. ಹೆಂಡತಿ ಕೇಳಿದಾಗ "ಸ್ವಲ್ಪ ಕೆಲಸ ಇತ್ತು" ಎಂದೆ.

ಆ ಮೇಲೆ ಅದೊಂದು ಚಟ ಆಯಿತು. ಸುಬ್ರಹ್ಮಣ್ಯದ ಬಸ್ಸು, ಕಡಬದ ಬಸ್ಸು, ಯಾವುದು ಸಿಕ್ಕಿದರೆ ಅದು. ಬಸ್ಸು ಓಡುವಾಗ ನನಗೂ ಎಲ್ಲಿಗೋ ಹೋಗಲಿಕ್ಕೆ ಉಂಟು ಎಂದು ಅನಿಸುತ್ತಿತ್ತು. ಸುಬ್ರಹ್ಮಣ್ಯದಲ್ಲಿ ಇಳಿದರೆ ಯಾತ್ರಾರ್ಥಿಗಳನ್ನು ಇಳಿಸಿದ ಬಸ್ಸುಗಳ ಸಾಲು, ಲಾಡ್ಜ್‌ನವರು "ರೂಮ್ ಬೇಕಾ ಸರ್" ಎಂದು ಕೇಳುವರು. ಬೇಡ ಎಂದು ತಲೆಯಾಡಿಸಿ, ಒಂದು ಸುತ್ತು ನಡೆದು, ಪುನಃ ಬಸ್ಸು ಹತ್ತುವುದು.

ಸುಳ್ಯದ ಕಡೆ ಒಂದು ವಿಶೇಷ ಶಾಲೆಯವರು ಶಿಕ್ಷಕರನ್ನು ಹುಡುಕುತ್ತಿದ್ದಾರೆ ಎಂದು ಗೊತ್ತಾದದ್ದು ಹಾಗೆ ಬಸ್ಸಿನಲ್ಲಿ ಪಕ್ಕ ಕೂತವರೊಬ್ಬರಿಂದ. ಮರುದಿನವೇ ಹೋದೆ. ಅಲ್ಲಿನ ಮುಖ್ಯಸ್ಥೆ ಬೆಳ್ಳಗಿನ ಕೂದಲಿನ, ಜೋರು ಸ್ವರದ ಹೆಂಗಸು. "ಮಾತು ಬೇಡ, ಮಕ್ಕಳೊಟ್ಟಿಗೆ ಸ್ವಲ್ಪ ಹೊತ್ತು ಇರಿ, ನಾನು ನೋಡ್ತೇನೆ" ಎಂದು ಒಂದು ಕೋಣೆಗೆ ಕಳಿಸಿದರು.

ಎಷ್ಟೋ ಸಮಯದ ಮೇಲೆ ಮಕ್ಕಳ ನಡುವೆ ನಿಂತದ್ದು. ಮೈಯಲ್ಲಿ ಜೀವ ಬಂದ ಹಾಗಾಯಿತು. ನೆಲದಲ್ಲಿ ಕೂತು, ಕೈತಟ್ಟಿ, ಬೆರಳು ಎಣಿಸುವ ಹಾಡೊಂದನ್ನು ತೆಗೆದೆ. ಹಾಡು ಮಲಯಾಳಂನಲ್ಲಿ ಬಂತು. ನಿಲ್ಲಿಸಿ, ಕನ್ನಡದಲ್ಲಿ ಹೇಳಲಿಕ್ಕೆ ಹೋದರೆ ತಾಳ ಕೂರಲಿಲ್ಲ. ಒಬ್ಬಳು ಹುಡುಗಿ ಅರೆಭಾಷೆಯಲ್ಲಿ ಏನೋ ಹೇಳಿದಳು, ಉಳಿದವರು ನಕ್ಕರು. ಕನ್ನಡದ ತಂಗಿಯ ಹಾಗಿರುವ ಆ ಭಾಷೆ ಕೇಳಿದರೆ ಅರ್ಧ ತಿಳಿಯುತ್ತದೆ, ಆಡಲಿಕ್ಕೆ ನನಗೆ ಬರುವುದಿಲ್ಲ. ನನ್ನ ಕಸುಬಿನಲ್ಲಿ ಬೇಕಾದ ಮಾತುಗಳು ಸಣ್ಣವು. ಬಾ, ಕೂರು, ನೋಡು, ಕೊಡು, ಸಾಕು. ಅಷ್ಟು ವರ್ಷ ಅವನ್ನೆಲ್ಲ ಮಲಯಾಳಂನಲ್ಲಿ ಹೇಳಿದ ನಾಲಗೆ, ಮನೆಯಲ್ಲಿ ಬ್ಯಾರಿ, ಪೇಟೆಯಲ್ಲಿ ತುಳು, ಓದಿದ್ದು ಕನ್ನಡ. ಇಷ್ಟೆಲ್ಲ ಇದ್ದೂ ಆ ಕೋಣೆಯಲ್ಲಿ ನನಗೆ 'ಬಾ' ಎಂದು ಹೇಳಲಿಕ್ಕೆ ತಡವಾಯಿತು.

ಆದರೂ ಮುಖ್ಯಸ್ಥೆಗೆ ಮೆಚ್ಚಿಗೆಯಾಗಿತ್ತು. ಚಹಾ ತರಿಸಿದರು.

"ಮಾಸ್ಟ್ರೆ, ನಿಮಗೆ ಕೆಲಸ ಗೊತ್ತುಂಟು. ಅದರಲ್ಲಿ ಎರಡು ಮಾತಿಲ್ಲ. ಆದ್ರೆ ನೋಡಿ, ನಮ್ಮಲ್ಲಿ ಹೆಚ್ಚಿನದ್ದು ದೊಡ್ಡ ಹೆಣ್ಣುಮಕ್ಕಳು. ಬಟ್ಟೆ ಬದಲಿಸ್ಲಿಕ್ಕೆ, ಬಾತ್‌ರೂಮಿಗೆ ಕರಕೊಂಡು ಹೋಗ್ಲಿಕ್ಕೆ ನನಗೆ ಹೆಂಗಸರೇ ಬೇಕು. ನಿಮ್ಮನ್ನು ತೆಗೊಂಡ್ರೆ ನಿಮಗೂ ಕಷ್ಟ, ನಮಗೂ ಕಷ್ಟ."

ಅವರು ಹೇಳಿದ್ದು ಸರಿಯೇ. ನನ್ನ ಮಗಳಾದರೆ ನಾನೂ ಹಾಗೆಯೇ ಹೇಳುತ್ತಿದ್ದೆ. ಸರಿ ಎಂದು ಗೊತ್ತಿದ್ದರೆ ಸಿಟ್ಟು ಮಾಡಲಿಕ್ಕೂ ಆಗುವುದಿಲ್ಲ. ಆ ದಿನ ಕುಂಬ್ರದಲ್ಲಿ ಇಳಿದು ಮನೆಗೆ ಹೋಗದೆ ಕೆದಂಬಾಡಿಯ ದಾರಿ ಹಿಡಿದು ಕಾಲು ಸೋಲುವವರೆಗೆ ನಡೆದೆ.

ಹೆಂಡತಿಯ ಅಣ್ಣನಿಗೆ ಕುಂಬ್ರದಲ್ಲಿ ಹಾರ್ಡ್‌ವೇರ್ ಅಂಗಡಿ. ಗಲ್ಫಿನಲ್ಲಿ ದುಡಿದು ಬಂದು ಹಾಕಿದ್ದು. ನಾನು ಬಂದ ದಿನದಿಂದಲೂ ಭಾವ ನನ್ನ ಮೇಲೆ ಕಣ್ಣಿಟ್ಟಿದ್ದರು, ಪ್ರೀತಿಯಿಂದಲೇ.

"ಬಸ್ಸಿನಲ್ಲಿ ತಿರುಗುದಕ್ಕಿಂತ ಅಂಗಡಿಯಲ್ಲಿ ಕೂತ್ಕೊಳ್ಳಿ. ನಾಲ್ಕು ಜನರ ಮುಖ ನೋಡಬಹುದು" ಎಂದರು. ಹೆಂಡತಿ ಅಣ್ಣನಿಗೆ ಹೇಳಿ ಈ ಮಾತು ಆಡಿಸಿದಳೋ ಏನೋ. ನಾನು ಕೇಳಲಿಲ್ಲ. ಒಪ್ಪಿದೆ.

ಅಂಗಡಿಯಲ್ಲಿ ನನ್ನಿಂದ ದೊಡ್ಡ ಉಪಕಾರವೇನೂ ಆಗಲಿಲ್ಲ. ಪೈಪಿನ ಅಳತೆ ತಲೆಗೆ ಹೋಗುತ್ತಿರಲಿಲ್ಲ. ಬಿಡುವಾದಾಗ ನಟ್ಟು ಬೋಲ್ಟುಗಳನ್ನು ನೆಲದಲ್ಲಿ ಸುರಿದು ದೊಡ್ಡದು ಒಂದು ಕಡೆ, ಸಣ್ಣದು ಒಂದು ಕಡೆ ಮಾಡುತ್ತಿದ್ದೆ. ಮೊದಲು ಮಕ್ಕಳ ಬೆರಳಿಗೆ ಅದೇ ಕೆಲಸ ಕೊಡುತ್ತಿದ್ದವನು ನಾನು. ಈಗ ನನ್ನ ಬೆರಳಿಗೆ.

ಒಂದು ದಿನ ಅಂಗಡಿಗೆ ಒಬ್ಬ ಮೇಸ್ತ್ರಿ ಬಂದರು. ಕುಂಬ್ರದಲ್ಲಿ ಯಾರದ್ದೋ ಮನೆಗೆ ಕಲ್ಲು ಕಟ್ಟುತ್ತಿದ್ದವರು. ಮೈಯೆಲ್ಲ ಸಿಮೆಂಟು. ಬಾಗಿಲಿಗೆ ಹಾಕುವ ಒಂದು ಗಟ್ಟಿ ಚಿಲಕ ಬೇಕೆಂದರು. ತೋರಿಸಿದೆ. ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಇದು ಅಲುಗಿಸಿದ್ರೆ ಬಿಚ್ಚಿ ಹೋಗುದಿಲ್ಲ ಅಲ್ವಾ? ತುಂಬ ಮೇಲೆ ಹಾಕ್ಲಿಕ್ಕೆ" ಎಂದು ಕೇಳಿದರು.

"ಎಂತ, ಕೊಟ್ಟಿಗೆಗಾ?" ಎಂದರು ಭಾವ.

ಮೇಸ್ತ್ರಿ ಚಿಲಕವನ್ನು ಕೆಳಗಿಟ್ಟು, "ಅಲ್ಲ, ಮನೆಗೇ. ಮಗಳು ಓಡಿ ಹೋಗ್ತಾಳೆ. ಸಣ್ಣವಳು. ಅವಳಿಗೆ ಬುದ್ಧಿ ಸ್ವಲ್ಪ…" ಎಂದು ಕೈಯನ್ನು ಗಾಳಿಯಲ್ಲಿ ಅಲುಗಿಸಿದರು.

ಭಾವ ಚಿಲಕವನ್ನು ಕಾಗದದಲ್ಲಿ ಸುತ್ತಿದರು. ನಾನು ಮೇಸ್ತ್ರಿಯ ಹಿಂದೆ ಅಂಗಡಿಯಿಂದ ಹೊರಗೆ ಬಂದೆ.

"ಮಗಳು ಶಾಲೆಗೆ ಹೋಗ್ತಾಳಾ?"

"ಹೆಸರು ಉಂಟು ಶಾಲೆಯಲ್ಲಿ. ಹೋಗುದಿಲ್ಲ. ಒಂದು ಕಡೆ ನಿಲ್ಲುದಿಲ್ಲ ಅವಳು. ಬೆಳಿಗ್ಗೆ ಎದ್ದರೆ ನಡೆಯುದೇ ನಡೆಯುದು. ಮಾತಿಲ್ಲ."

ನಾನು ಯಾರು, ಮೊದಲು ಎಂತ ಮಾಡುತ್ತಿದ್ದೆ ಎಂದು ಹೇಳಿದೆ. ಒಮ್ಮೆ ಬಂದು ನೋಡಬಹುದಾ ಎಂದು ಕೇಳಿದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಕಡಬದಿಂದ ಒಳಗೆ ನಮ್ಮ ಮನೆ. ಅಷ್ಟು ದೂರ ಬರ್ತೀರಾ? ಎಂತಕ್ಕೆ?"

"ಸುಮ್ಮನೆ ಕೂತು ಕೂತು ಸಾಕಾಗಿದೆ" ಎಂದೆ. ಅದು ಅವರಿಗೆ ಅರ್ಥವಾಯಿತು.

ಆದಿತ್ಯವಾರ ಹೋದೆ. ಸುಬ್ರಹ್ಮಣ್ಯಕ್ಕೆ ಹೋಗುವ ರಸ್ತೆಯಲ್ಲಿ ಕಡಬ ಕಳೆದು ಒಂದು ಸ್ಟಾಪಿನಲ್ಲಿ ಇಳಿದು, ಮಣ್ಣಿನ ದಾರಿಯಲ್ಲಿ ಮುಂದೆ ನಡೆದರೆ ಹಂಚಿನ ಸಣ್ಣ ಮನೆ. ಜಗಲಿಯಲ್ಲಿ ಹುಡುಗಿಯ ತಾಯಿ ಬೀಡಿ ಕಟ್ಟುತ್ತಾ ಕೂತಿದ್ದರು. ಪಕ್ಕದಲ್ಲಿ ಅಜ್ಜಿ. ಹುಡುಗಿ ಅಂಗಳದ ಈ ತುದಿಯಿಂದ ಆ ತುದಿಗೆ ನಡೆಯುತ್ತಿದ್ದಳು. ಎಂಟೊಂಬತ್ತು ವರ್ಷ ಇರಬಹುದು. ಒಂದು ಕಾಲಿನ ಗಂಟಿನ ಮೇಲೆ ಹಳೆಯ ಸೀರೆ ಕಟ್ಟಿದ ಗುರುತು. ತಾಯಿ ನನ್ನ ಕಣ್ಣು ಎಲ್ಲಿ ಹೋಯಿತು ಎಂದು ನೋಡಿದರು.

"ನಾನು ಬೀಡಿ ಕಟ್ಟುವಾಗ ಕಂಬಕ್ಕೆ ಕಟ್ಟುದು. ಮತ್ತೆ ಎಂತ ಮಾಡುದು, ಹೇಳಿ? ನೀರು ಹರಿಯುವ ತೋಡು ಉಂಟು, ಬಾವಿ ಉಂಟು" ಎಂದರು ತುಳುವಿನಲ್ಲಿ. ಸ್ವರದಲ್ಲಿ ಜಗಳ ಇತ್ತು. ಅಂತಹ ಸೀರೆಗಳನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಕಟ್ಟಿದ ತಾಯಂದಿರು ಯಾರೂ ಕೆಟ್ಟವರಾಗಿರಲಿಲ್ಲ.

ಹುಡುಗಿಯೊಟ್ಟಿಗೆ ನಡೆದೆ. ಅವಳು ಅಂಗಳದ ತುದಿಗೆ ಹೋದರೆ ನಾನೂ, ತಿರುಗಿದರೆ ನಾನೂ. ಅವಳು ನನ್ನನ್ನು ನೋಡಲಿಲ್ಲ, ಆದರೆ ಓಡಲೂ ಇಲ್ಲ. ಹಾಗೆ ನಡೆಯುತ್ತಾ ನಡೆಯುತ್ತಾ ದಾರಿಗೆ ಬಂದೆವು. ತಾಯಿ ಗಾಬರಿಯಲ್ಲಿ ಎದ್ದರು, ಮೇಸ್ತ್ರಿ ತಡೆದರು. ಮಣ್ಣಿನ ದಾರಿಯಲ್ಲಿ ಸ್ವಲ್ಪ ದೂರ ಹೋದ ಮೇಲೆ ನಾನು ಹಠಾತ್ತಾಗಿ ನಿಂತು "ನಿಲ್ಲ್" ಎಂದೆ. ಅದು ಮಲಯಾಳಂ. ಹಳೆಯ ಅಭ್ಯಾಸ. ಅವಳು ಹೋಗುತ್ತಲೇ ಇದ್ದಳು. ಓಡಿ ಹೋಗಿ ಪಕ್ಕ ಸೇರಿ, ಪುನಃ ನಿಂತು "ಉಂತು" ಎಂದೆ. ತುಳುವಿನಲ್ಲಿ ಅದೇ ಮಾತು. ಅವಳ ಹೆಜ್ಜೆ ಒಂದು ಕ್ಷಣ ಸಡಿಲವಾಯಿತು. ನಿಲ್ಲಲಿಲ್ಲ, ಸಡಿಲವಾಯಿತು ಅಷ್ಟೆ. ನನಗೆ ಅಷ್ಟು ಸಾಕಿತ್ತು. ಆ ದಿನ ಬಸ್ಸಿನಲ್ಲಿ ಕೂತು ವಾಪಸು ಬರುವಾಗ, ಕುಂಬ್ರಕ್ಕೆ ಬಂದು ನೆಲೆಸಿದ ಮೇಲೆ ಮೊದಲ ಸಲ, ಇಳಿಯುವ ಸ್ಟಾಪು ಬೇಗ ಬರಲಿ ಎಂದು ಅನಿಸಿತು. ಹೆಂಡತಿಗೆ ಹೇಳಬೇಕಿತ್ತು.

ಅವಳು ಪೂರ್ತಿ ಕೇಳಿ, "ಇದಕ್ಕೆ ಸಂಬಳ ಕೊಡುವವರು ಯಾರೂ ಇಲ್ಲ ಅಲ್ವಾ?" ಎಂದಳು.

"ಇಲ್ಲ."

"ಅಣ್ಣನಿಗೆ ನಾನು ಹೇಳ್ತೇನೆ. ಅಂಗಡಿಗೆ ಬೇರೆಯವರನ್ನು ನೋಡಿಕೊಳ್ಳಲಿ" ಎಂದು ಎದ್ದು ಒಳಗೆ ಹೋದಳು.

ವಾರದಲ್ಲಿ ಹೆಚ್ಚಿನ ದಿನ ಹೋಗಲು ಸುರು ಮಾಡಿದೆ. ಮೇಸ್ತ್ರಿ ಹಗಲು ಮನೆಯಲ್ಲಿ ಇರುವುದಿಲ್ಲ. ಗಂಡಸರಿಲ್ಲದ ಮನೆಗೆ ಹೊರಗಿನ ಒಬ್ಬ ಬ್ಯಾರಿ ದಿನ ಬಿಟ್ಟು ದಿನ ಬರುವುದು ಊರಿನವರ ಕಣ್ಣಿಗೆ ಬೀಳದೆ ಇರುತ್ತದಾ? ಸ್ಟಾಪಿನ ಹತ್ತಿರದ ಅಂಗಡಿಯಲ್ಲಿ ಕೂತವರೊಬ್ಬರು "ಯಾವ ಕಡೆ ನಿಮ್ಮದು? ಇಲ್ಲಿ ಎಂತ ಕೆಲಸ?" ಎಂದು ಕೇಳಿಯೂ ಆಗಿತ್ತು. ಅದು ಅಜ್ಜಿಯ ಕಿವಿಗೆ ಬಿದ್ದಿರಬೇಕು. ಮುಂದಿನ ಸಲ ಬಸ್ಸು ಇಳಿಯುವಾಗ ಅಜ್ಜಿ ಸ್ಟಾಪಿನಲ್ಲಿ ನಿಂತಿದ್ದರು. "ಮಾಸ್ಟ್ರೆ, ಬಂದಿರಾ? ಹುಡುಗಿ ಆಗಿನಿಂದ ದಾರಿ ನೋಡ್ತಾ ಉಂಟು!" ಎಂದು ಇಡೀ ರಸ್ತೆಗೆ ಕೇಳುವ ಹಾಗೆ ಕೂಗಿದರು. ಹುಡುಗಿ ಯಾರ ದಾರಿಯನ್ನೂ ನೋಡುವವಳಲ್ಲ ಎಂದು ಅಜ್ಜಿಗೂ ಗೊತ್ತು, ನನಗೂ ಗೊತ್ತು. ಆ ಮೇಲೆ ತುಂಬ ದಿನ ಅವರು ಹಾಗೆ ಬಂದು ನಿಂತು, ಹಾಗೆಯೇ ಕೂಗಿ, ನನ್ನನ್ನು ಅಂಗಡಿಯ ಎದುರಿನಿಂದಲೇ ಕರೆದುಕೊಂಡು ಹೋದರು. ಕೊನೆಗೆ ಅಂಗಡಿಯವರೇ ನಾನು ಇಳಿಯುವಾಗ "ಅಜ್ಜಿ ಈಗ ಬರ್ತಾರೆ ಮಾಸ್ಟ್ರೆ, ಕೂತ್ಕೊಳ್ಳಿ" ಎನ್ನುವಷ್ಟಾಯಿತು.

ನಮ್ಮ ಪಾಠ ನಡೆಯುವುದರಲ್ಲೇ ನಡೆಯಿತು. ಮನೆಯಿಂದ ಹೊರಟು, ತೋಡಿನ ಮೇಲಿನ ಕಾಲುಸಂಕ ದಾಟಿ, ರಸ್ತೆ ಬದಿ ಹಿಡಿದು, ಊರಿನ ಪ್ರಾಥಮಿಕ ಶಾಲೆಯ ಗೇಟಿನವರೆಗೆ. ಅಲ್ಲಿ ಗೇಟಿನ ಸರಳು ಮುಟ್ಟಿ ವಾಪಸು. ಕಾಲುಸಂಕದ ಮುಂಚೆ "ಉಂತು." ರಸ್ತೆಗೆ ಹತ್ತುವ ಮುಂಚೆ "ಉಂತು." ತಾಯಿಗೆ ಇದು ಪಾಠ ಎಂದು ಅನಿಸಲಿಲ್ಲ.

"ನೀವು ಅವಳೊಟ್ಟಿಗೆ ನಡೆಯುದು ಮಾತ್ರವಾ? ಬೇರೆ ಎಂತದ್ದೂ ಕಲಿಸುದಿಲ್ವಾ?"

"ಇನ್ನೊಬ್ಬರ ಮಾತಿಗೆ ನಿಲ್ಲುದನ್ನು ಕಲಿಸ್ತಾ ಇದ್ದೇನೆ ಅಕ್ಕ."

"ಅವಳು ಮಾತಾಡ್ಲಿ ಅಂತ ನನಗೆ ಆಸೆ. ನಿಲ್ಲುದು ಎಂತಕ್ಕೆ?" ಎಂದು ಅವರು ಎಲೆ ಕತ್ತರಿಸುತ್ತಾ ಮುಖ ತಿರುಗಿಸಿದರು. ಮಾತು ಬರಬಹುದು ಎಂದು ಸುಳ್ಳು ಹೇಳಲು ನನಗೆ ಆಗಲಿಲ್ಲ. ಬರುವುದಿಲ್ಲ ಎಂದು ಹೇಳಲಿಕ್ಕೂ ಆಗಲಿಲ್ಲ.

ಮೇ ತಿಂಗಳ ರಜೆ ಕಳೆದು ಶಾಲೆ ತೆರೆದ ಮೇಲೆ ಒಂದು ಆದಿತ್ಯವಾರ ನನಗೆ ಮೇಸ್ತ್ರಿಯ ಫೋನು ಬಂತು. ನಾನು ಪುತ್ತೂರು ಪೇಟೆಯಲ್ಲಿದ್ದೆ. "ಹುಡುಗಿ ಇಲ್ಲ ಮಾಸ್ಟ್ರೆ" ಎಂದರು, ಅಷ್ಟೇ. ಹಿಂದೆ ಅಜ್ಜಿಯ ಅಳು ಕೇಳುತ್ತಿತ್ತು. ಹಿತ್ತಿಲ ಬಾಗಿಲು ಒಂದು ಗಳಿಗೆ ತೆರೆದಿತ್ತಂತೆ. ಗಂಡಸರು ತೋಡಿನ ಉದ್ದಕ್ಕೂ ಹೋಗಿದ್ದಾರೆ, ಹೆಂಗಸರು ಬಾವಿ ಬಾವಿ ಬಗ್ಗಿ ನೋಡುತ್ತಿದ್ದಾರೆ.

ಬಸ್ಸು ಸಿಕ್ಕಿತು. ಆ ಬಸ್ಸಿನಲ್ಲಿ ನಾನು ಕೂತುಕೊಳ್ಳಲಿಲ್ಲ, ಸೀಟು ಖಾಲಿ ಇತ್ತು. ಡ್ರೈವರಿನ ಹಿಂದಿನ ಕಂಬ ಹಿಡಿದು ನಿಂತು ಹೋದೆ. ಕಂಬಕ್ಕೆ ಕಟ್ಟಿದ್ದ ಹುಡುಗಿಗೆ ದಾರಿ ತೋರಿಸಿದವನು ನಾನು. ತೋಡಿನ ಬದಿಗೆ, ರಸ್ತೆಯ ಬದಿಗೆ ಕಾಲು ಹಾಕಲು ಕಲಿಸಿದವನು ನಾನು. ಕಟ್ಟಿದ್ದರೆ ಅಲ್ಲಿಯೇ ಇರುತ್ತಿದ್ದಳು. ಈ ಮಾತನ್ನು ಆ ತಾಯಿ ಹೇಳುವುದಕ್ಕಿಂತ ಮೊದಲು ನಾನೇ ಹೇಳಿಕೊಳ್ಳುತ್ತಾ ಹೋದೆ. ನನ್ನ ಚಡಪಡಿಕೆ ಕಳೆಯಲಿಕ್ಕೆ ಇನ್ನೊಬ್ಬರ ಮಗುವನ್ನು ಉಪಯೋಗಿಸಿದೆನಾ ಎಂದೂ ಅನಿಸಿತು.

ಕಡಬ ದಾಟುವಾಗ ಪುನಃ ಫೋನು. ಸಿಕ್ಕಿದ್ದಾಳೆ.

ಶಾಲೆಯಲ್ಲಿ ಬಿಸಿಯೂಟ ಬೇಯಿಸುವ ಹೆಂಗಸಿನ ಮನೆ ಶಾಲೆಯ ಪಕ್ಕದಲ್ಲೇ. ಅವರು ಬಟ್ಟೆ ಒಣಗಿಸಲು ಬಂದಾಗ ಶಾಲೆಯ ಗೇಟಿನ ಹೊರಗೆ ಒಂದು ಮಗು ಕೂತಿರುವುದು ಕಂಡಿತಂತೆ. ಗೇಟಿಗೆ ಬೀಗ, ರಜೆ. ಹುಡುಗಿ ಸರಳನ್ನು ಹಿಡಿದುಕೊಂಡು ನೆಲದಲ್ಲಿ ಕೂತಿದ್ದಳು. ಕೂತಿದ್ದಳು! ನಾನು ತಲುಪುವಾಗ ಊರಿನ ಅರ್ಧ ಜನ ಅಲ್ಲಿದ್ದರು. ತಾಯಿ ಅವಳನ್ನು ಅಪ್ಪಿ ಹಿಡಿದಿದ್ದರು, ಅವಳು ಬಿಡಿಸಿಕೊಳ್ಳಲು ನೋಡುತ್ತಿದ್ದಳು. ನನ್ನನ್ನು ಕಂಡು ತಾಯಿ ಬೈಯಲಿಲ್ಲ.

"ಓಡಿ ಹೋದದ್ದಲ್ಲ ಮಾಸ್ಟ್ರೆ" ಎಂದರು. "ಶಾಲೆಗೆ ಬಂದದ್ದು."

ಮರುದಿನ ಆ ಮಾತನ್ನು ಅವರೇ ಶಾಲೆಯ ಮುಖ್ಯಶಿಕ್ಷಕಿಗೂ ಹೇಳಿದರು. ನಾನು ಪಕ್ಕದಲ್ಲಿ ನಿಂತಿದ್ದೆ ಅಷ್ಟೆ. ಟೀಚರ್ ಹಾಜರಿ ಪುಸ್ತಕ ತೆರೆದು ಅವಳ ಹೆಸರು ಹುಡುಕಿದರು. ಐದು ತರಗತಿಗೆ ಇಬ್ಬರೇ ಶಿಕ್ಷಕರು ಇರುವ ಶಾಲೆ, ಅವರ ಯೋಚನೆ ನನಗೆ ತಿಳಿಯುತ್ತಿತ್ತು.

"ಊಟದ ಹೊತ್ತಿಗೆ ಬರಲಿ. ಊಟ ಮಾಡಿ ಹೋಗಲಿ. ಅಷ್ಟರಿಂದ ಸುರು ಮಾಡುವ. ಆದ್ರೆ ಯಾರಾದ್ರೂ ಜೊತೆಗಿರಬೇಕು."

ತಾಯಿ ಇರಬಹುದು, ಬೀಡಿಯ ಗೆರಸೆ ತಂದು ಜಗಲಿಯ ಮೂಲೆಯಲ್ಲಿ ಕೂತರೆ ಅವರ ಕೆಲಸವೂ ಆಗುತ್ತದೆ ಎಂದೆ. ಟೀಚರ್ ನಕ್ಕರು. "ಶಾಲೆಯೊಳಗೆ ತಂಬಾಕು ತರ್ಲಿಕ್ಕಿಲ್ಲ ಮಾಸ್ಟ್ರೆ, ಗೋಡೆಯಲ್ಲಿ ಬರೆದದ್ದು ನೋಡಲಿಲ್ವಾ?" ಆ ಮೇಲೆ ತಾಯಿ ಬೀಡಿ ಮನೆಯಲ್ಲೇ ಬಿಟ್ಟು, ಬರಿಗೈಯಲ್ಲಿ ಬಂದು ಜಗಲಿಯಲ್ಲಿ ಕೂರತೊಡಗಿದರು. ಬರಿಗೈಯಲ್ಲಿ ಕೂತು ಅವರಿಗೆ ಅಭ್ಯಾಸವಿಲ್ಲ. ಬೆರಳುಗಳು ಸೆರಗಿನ ತುದಿಯನ್ನು ಸುರುಳಿ ಸುತ್ತುತ್ತಿದ್ದವು, ಬಿಚ್ಚುತ್ತಿದ್ದವು.

ಮೊದಲ ದಿನ ಹುಡುಗಿ ಒಂದು ತುತ್ತು ತಿಂದು ಒಂದು ಸುತ್ತು ನಡೆದಳು. ಮಕ್ಕಳೆಲ್ಲ ಉಣ್ಣುವುದು ಬಿಟ್ಟು ಅವಳನ್ನೇ ನೋಡಿದರು. ಆಮೇಲಾಮೇಲೆ ನೋಡುವುದನ್ನು ಬಿಟ್ಟರು. ನನಗೆ ಖುಷಿಯಾದದ್ದು ಅವರು ನೋಡುವುದನ್ನು ಬಿಟ್ಟ ದಿನ.

ನನಗೆ ಕೆಲಸ ಸಿಕ್ಕಿದ್ದು ಆ ದಿನಗಳಲ್ಲೇ. ಪುತ್ತೂರಿನ ಆ ಅಧಿಕಾರಿಯೇ ಫೋನು ಮಾಡಿದರು. 'ಹೇಳುವ' ಎಂದದ್ದನ್ನು ಅವರು ಮರೆತಿರಲಿಲ್ಲ. ಸುಳ್ಯದ ಕಡೆ ಒಬ್ಬರು ಬಿಟ್ಟು ಹೋಗಿ, ಗುತ್ತಿಗೆಯ ಜಾಗವೊಂದು ಖಾಲಿಯಾಗಿತ್ತು. ಶಾಲೆಯಿಂದ ಶಾಲೆಗೆ ಹೋಗಿ, ವಿಶೇಷ ಅಗತ್ಯದ ಮಕ್ಕಳನ್ನು ನೋಡಿ, ಅಲ್ಲಿನ ಶಿಕ್ಷಕರಿಗೆ ದಾರಿ ತೋರಿಸುವ ಕೆಲಸ. ಶಾಲೆಗೆ ಬರಲಾಗದ ಮಕ್ಕಳಿದ್ದರೆ ಅವರ ಮನೆಗೆ ಹೋಗುವುದು. ಸಂದರ್ಶನದಲ್ಲಿ "ಇಷ್ಟು ದಿನ ಎಂತ ಮಾಡ್ತಿದ್ರಿ?" ಎಂದು ಕೇಳಿದರು. "ಒಬ್ಬಳು ಹುಡುಗಿಯೊಟ್ಟಿಗೆ ನಡೀತಿದ್ದೆ" ಎಂದೆ. ಅವರು ಒಬ್ಬರ ಮುಖ ಒಬ್ಬರು ನೋಡಿದರು. ವಿವರಿಸಿದ ಮೇಲೆ ಒಬ್ಬರು ಆ ಶಾಲೆಯ ಟೀಚರಿಗೇ ಫೋನು ಮಾಡಿದರು.

ಆದೇಶ ಕೈಗೆ ಬಂದ ದಿನ ಹೆಂಡತಿ ತವರಿನಿಂದ ಎಲ್ಲರನ್ನೂ ಕರೆದಳು. ಅಕ್ಕಿ ರೊಟ್ಟಿ, ಕೋಳಿ ಸಾರು. ಭಾವ ನನ್ನ ಬೆನ್ನು ತಟ್ಟಿದರು. ಎಲ್ಲರೂ ನಗುತ್ತಿದ್ದರು, ನಾನು ಎದ್ದು ಎದ್ದು ಹೊರಗೆ ಹೋಗುತ್ತಿದ್ದೆ. ಕೊನೆಗೆ ಹೆಂಡತಿ ಮೆಟ್ಟಿಲಿಗೆ ಬಂದಳು.

"ಈಗ ಎಂತ ಆಯ್ತು ನಿಮಗೆ?"

"ನನಗೆ ಕೊಟ್ಟ ಊರುಗಳಲ್ಲಿ ಆ ಹುಡುಗಿಯ ಶಾಲೆ ಇಲ್ಲ."

ಅವಳು ನನ್ನ ಪಕ್ಕ ಕೂತಳು. "ನೀವು ಅವಳ ಮನೆಯವರಿಗೆ ಹೇಳಿದ್ದೀರಾ?"

"ಇಲ್ಲ."

"ನಾಳೆಯೇ ಹೇಳಿ. ಬೇರೆಯವರಿಂದ ಗೊತ್ತಾಗಬಾರದು."

ಮರುದಿನ ಹೋಗಿ ಹೇಳಿದೆ. ಹುಡುಗಿಯ ತಾಯಿ ಎಲೆಗೆ ತಂಬಾಕು ತುಂಬುತ್ತಾ ಕೇಳಿದರು. ಕೈ ನಿಲ್ಲಲಿಲ್ಲ.

"ಒಳ್ಳೆದಾಯ್ತು. ಕೆಲಸ ಸಿಕ್ಕುವವರೆಗೆ ಇಲ್ಲಿ ಕಾಲ ಕಳೆದ್ರಿ. ಸಿಕ್ಕಿತು, ಹೊರಟ್ರಿ."

ಅಜ್ಜಿ "ಹಾಗೆ ಹೇಳಬೇಡ" ಎಂದರು. ಆದರೆ ತಾಯಿ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಶನಿವಾರ ಮಧ್ಯಾಹ್ನದ ಮೇಲೆ, ಆದಿತ್ಯವಾರ ಬರುತ್ತೇನೆ ಎಂದೆ. ನಾನು ಮಾಡುತ್ತಿದ್ದುದನ್ನು ನೀವೇ ಮಾಡಬಹುದು, ಅರ್ಧಕ್ಕರ್ಧ ಈಗಲೇ ಮಾಡುತ್ತಿದ್ದೀರಿ ಎಂದೆ. ಅವರು ಕಟ್ಟಿದ ಬೀಡಿಗಳನ್ನು ಎಣಿಸತೊಡಗಿದರು. ಹೊರಡುವಾಗ ಹುಡುಗಿ ಎಂದಿನ ಹಾಗೆ ನನ್ನೊಟ್ಟಿಗೆ ಕಾಲುಸಂಕದವರೆಗೆ ಬಂದಳು. ನಾನು ಹೇಳುವ ಮೊದಲೇ ನಿಂತಳು. ನಾನು ದಾಟಿದೆ, ಅವಳು ದಾಟಲಿಲ್ಲ. ಅವಳನ್ನು ಕರೆದುಕೊಂಡು ಹೋಗಲಿಕ್ಕೆ ಹಿಂದಿನಿಂದ ತಾಯಿಯೇ ಬರಬೇಕಾಯಿತು.

ಸುಳ್ಯದ ಕಡೆಯ ಕೆಲಸ ನನ್ನನ್ನು ಒಂದು ಕಡೆ ಕೂರಿಸಲಿಲ್ಲ. ಈ ದಿನ ಒಂದು ಶಾಲೆ, ನಾಳೆ ಇನ್ನೊಂದು. ಅರೆಭಾಷೆಯ ಸಣ್ಣ ಮಾತುಗಳನ್ನು ಮಕ್ಕಳೇ ಕಲಿಸಿದರು, ತಪ್ಪು ಹೇಳಿದರೆ ಬಿದ್ದು ಬಿದ್ದು ನಕ್ಕರು. ಒಂದು ಮನೆಯಲ್ಲಿ ಮಗುವನ್ನು ತೋರಿಸಲಿಕ್ಕೇ ಒಪ್ಪಲಿಲ್ಲ, ಗೇಟಿನಿಂದ ವಾಪಸು ಬಂದೆ. ಇನ್ನೊಂದು ಮನೆಯಲ್ಲಿ ಇಡೀ ದಿನ ಬಿಡಲಿಲ್ಲ. ಆದಿತ್ಯವಾರ ಕಡಬದ ಬಸ್ಸು ಹತ್ತಿದೆ, ಎಲ್ಲ ಆದಿತ್ಯವಾರವೂ ಅಲ್ಲ. ತಾಯಿ ಮೊದಲೆರಡು ಸಲ ನನ್ನೊಟ್ಟಿಗೆ ಮಾತಾಡಲಿಲ್ಲ. ಆಮೇಲೆ, ಹುಡುಗಿ ಶಾಲೆಯಲ್ಲಿ ಬಟ್ಟಲು ತಾನೇ ತೊಳೆಯಲು ಹೋಗಿ ಟ್ಯಾಂಕಿನ ನೀರೆಲ್ಲ ಬಿಟ್ಟದ್ದನ್ನು ಬೈಯುತ್ತಾ ಬೈಯುತ್ತಾ ಹೇಳಿದರು. ಹೇಳುವಾಗ ಮುಖದಲ್ಲಿ ಬೈಗುಳ ಇರಲಿಲ್ಲ.

ಮೊನ್ನೆ ಮೊನ್ನೆ, ಸುಳ್ಯದ ಒಂದು ಶಾಲೆಯಿಂದ ಇನ್ನೊಂದಕ್ಕೆ ಹೋಗಲು ರಸ್ತೆ ಬದಿ ಬಸ್ಸಿಗೆ ಕಾಯುತ್ತಿದ್ದಾಗ ಹುಡುಗಿಯ ತಾಯಿಯ ಫೋನು ಬಂತು. ಊಟದ ಹೊತ್ತು. ಹಿಂದೆ ಮಕ್ಕಳ ಗಲಾಟೆ ಕೇಳುತ್ತಿತ್ತು.

"ಮಾಸ್ಟ್ರೆ, ಅವಳು ನನ್ನನ್ನು ದೂಡ್ತಾಳೆ."

"ಎಲ್ಲಿಗೆ?"

"ಗೇಟಿನ ಹೊರಗೆ. ಕೈ ಹಿಡಿದು ಎಳಕೊಂಡು ಬಂದು ಹೊರಗೆ ಮಾಡಿ, ತಾನು ಒಳಗೆ ಹೋದ್ಳು. ಮಕ್ಕಳೊಟ್ಟಿಗೆ ಕೂತಿದ್ದಾಳೆ. ನಾನು ರಸ್ತೆಯಲ್ಲಿ ನಿಂತಿದ್ದೇನೆ." ಅವರು ಸ್ವರ ತಗ್ಗಿಸಿದರು. "ಈಗ ನಾನು ಎಂತ ಮಾಡುದು?"

"ಮನೆಗೆ ಹೋಗಿ ಅಕ್ಕ."

"ಹೋದ್ರೆ?"

"ಟೀಚರ್ ಇದ್ದಾರೆ ಅಲ್ವಾ. ಹೋಗಿ ನೋಡಿ."

ಅವರು ಫೋನು ಇಡಲಿಲ್ಲ. ನನ್ನ ಬಸ್ಸು ತಿರುವಿನಲ್ಲಿ ಕಾಣಿಸಿತು, ಕೈ ಅಡ್ಡ ಮಾಡಿ ನಿಲ್ಲಿಸಿ, ಫೋನು ಕಿವಿಗಿಟ್ಟುಕೊಂಡೇ ಹತ್ತಿದೆ. "ಹೋದ್ರಾ?" ಎಂದು ಕೇಳಿದೆ.

"ಇಲ್ಲ" ಎಂದರು. "ಇಲ್ಲೇ ಮರದ ಹತ್ತಿರ ನಿಂತಿದ್ದೇನೆ. ಅವಳಿಗೆ ಕಾಣುದಿಲ್ಲ."